ಚೌಕದೊಳಗೆ ಕೂರದ ಘಟ್ಟ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ನೂರು ಕಿ.ಮೀ. ಸರಿದು ಕಡೂರು ಮುಟ್ಟಿದರೆ ಆರೇಳು ನೂರು ಮಿ.ಮೀ. ಬಿದ್ದರೆ ಸಾಕು, ಒಳ್ಳೆಯ ವರ್ಷವೆಂದೇ ಲೆಕ್ಕ. ಕೊಡಗಿನಲ್ಲಿ ಈ ಇಳಿತ ಇನ್ನೂ ಕಡಿದು. ಮಡಿಕೇರಿಗೆ 3000 ಮಿ.ಮೀ.ಗೂ ಹೆಚ್ಚು ಮಳೆ. ನೇರ ಗೆರೆ ಎಳೆದರೆ ಇಪ್ಪತ್ತೈದು ಕಿ.ಮೀ. ಕೂಡ ಆಗದಷ್ಟು ಹತ್ತಿರವಿರುವ ಕುಶಾಲನಗರಕ್ಕೆ ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ಬೆಳೆಗಳೂ ಇದೇ ಇಳಿತ ಹಿಡಿದು ನೆಲೆಗೊಂಡಿವೆ. ಘಟ್ಟದ ಪಡುವಣ ಮಗ್ಗುಲಲ್ಲಿ ಅಡಿಕೆ, ಏಲಕ್ಕಿ, ಎತ್ತರದ ಇಳಿಜಾರಿನಲ್ಲಿ ಅರೇಬಿಕಾ, ಅದರ ಕೆಳಗೆ ರೋಬಸ್ಟಾ ಮತ್ತು ಮೆಣಸು, ಕಣಿವೆಯಲ್ಲಿ ಗದ್ದೆ, ಮಳೆ ತೆಳುವಾಗುತ್ತಿದ್ದಂತೆ ಜೋಳ, ರಾಗಿ, ತೆಂಗು. ಭೂಮಿಯ ಮುಂದಿನ ಹವಾಮಾನವನ್ನು ಲೆಕ್ಕಹಾಕುವ ಜಾಗತಿಕ ಗಣಕ ಮಾದರಿಗಳಿಗೆ ಈ ಭೇದಗಳು ಯಾವುವೂ ಕಾಣುವುದಿಲ್ಲ. ಅವು ಭೂಗೋಳವನ್ನು ಸಾಮಾನ್ಯವಾಗಿ ನೂರು ಕಿ.ಮೀ. ಅಥವಾ ಅದಕ್ಕಿಂತ ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಒಂದೇ ಎತ್ತರ, ಒಂದೇ ಉಷ್ಣಾಂಶ, ಒಂದೇ ಮಳೆ ಕೊಡುತ್ತವೆ. ಆಗುಂಬೆ ಮತ್ತು ಕಡೂರು ಎರಡೂ ಒಂದೇ ಚೌಕದೊಳಗೆ ಬಿದ್ದುಹೋಗಬಹುದು. ಆ ಚೌಕದ ಸರಾಸರಿ ಮಳೆ ಎರಡೂ ಊರುಗಳಲ್ಲಿ ಎಂದೂ ಬೀಳದ ಮಳೆ.

ಈ ಕೊರತೆ ತುಂಬಲು ಹುಟ್ಟಿಕೊಂಡದ್ದು ಪ್ರಾದೇಶಿಕ ಹವಾಮಾನ ಮಾದರಿ. ಇಡೀ ಭೂಗೋಳವನ್ನು ಬಿಟ್ಟು ಒಂದು ಪ್ರದೇಶವನ್ನಷ್ಟೇ ಆರಿಸಿಕೊಂಡು, ಅದನ್ನು ಐವತ್ತು, ಇಪ್ಪತ್ತೈದು, ಹನ್ನೆರಡು, ಕೆಲವೊಮ್ಮೆ ಮೂರು ಕಿ.ಮೀ. ಅಗಲದ ಸಣ್ಣ ಚೌಕಗಳಾಗಿ ಒಡೆದು, ವಾಯುಮಂಡಲದ ಚಲನೆಯ ಸಮೀಕರಣಗಳನ್ನು ಅಲ್ಲಿ ಹೊಸದಾಗಿ ಬಿಡಿಸುವುದು ಅದರ ಕೆಲಸ. ಗುಡ್ಡಗಾಡಿನ ಬೆಳೆಗಳ ಮುಂದಿನ ಗತಿಯನ್ನು ಅಂದಾಜಿಸುವವರಿಗೆ ಇದಕ್ಕಿಂತ ಹತ್ತಿರದ ಸಾಧನ ಸದ್ಯಕ್ಕಿಲ್ಲ. ಆದರೆ ಅದು ಕೊಡುವ ಅಂಕಿಗಳೆಲ್ಲ ಒಂದೇ ತೂಕದವಲ್ಲ. ಉಷ್ಣಾಂಶದ ವಿಷಯದಲ್ಲಿ ಹೇಳುವುದನ್ನು ಬಹುಮಟ್ಟಿಗೆ ನಂಬಬಹುದು, ಮಳೆಯ ವಿಷಯದಲ್ಲಿ ಹೇಳುವುದನ್ನು ಎಚ್ಚರದಿಂದ ಕೇಳಬೇಕು. ಮಲೆನಾಡಿನ ಬೆಳೆಗಳ ಹಣೆಬರಹ ಮಾತ್ರ ಮಳೆ ಬರುವ ಹೊತ್ತಿನ ಮೇಲೆಯೇ ನಿಂತಿದೆ. ಮಾದರಿಯ ಬಳಕೆಯಲ್ಲಿ ಎದುರಾಗುವ ತೊಡಕುಗಳು ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಭತ್ತದ ರೈತರು ಈ ವರ್ಷದ ತಳಿ ಕೈಕೊಟ್ಟರೆ ಮುಂದಿನ ವರ್ಷ ಬೇರೆಯದನ್ನು ಬಿತ್ತಬಹುದು. ಕಾಫಿ, ಅಡಿಕೆ, ಮೆಣಸು ನೆಟ್ಟವರಿಗೆ ಆ ಅವಕಾಶವಿಲ್ಲ. ಇವತ್ತು ಹಾಕಿದ ಅರೇಬಿಕಾ ಸಸಿ ಚೆನ್ನಾಗಿ ಬಾಳಿದರೆ 2060ರ ದಶಕದಲ್ಲೂ ತೋಟದಲ್ಲಿರುತ್ತದೆ. ಹವಾಮಾನ ಮಾದರಿಗಳ ಲೆಕ್ಕಾಚಾರವೂ ಮೂವತ್ತು, ನಲವತ್ತು ವರ್ಷಗಳ ಆಚೆಗೇ ಕಣ್ಣಿಟ್ಟಿರುವುದರಿಂದ, ಅದರ ಉತ್ತರ ಬಯಲುಸೀಮೆಯ ವಾರ್ಷಿಕ ಬೆಳೆಗಿಂತ ಗುಡ್ಡದ ಬಹುವಾರ್ಷಿಕ ಬೆಳೆಗೆ ಹೆಚ್ಚು ಬೇಕಾದದ್ದು. ವಿಚಿತ್ರವೆಂದರೆ ಬೆಳೆ ಸಂಶೋಧನೆಯ ಬಹುಪಾಲು ಶ್ರಮ ಹೋಗಿರುವುದು ಗೋಧಿ, ಭತ್ತ, ಮೆಕ್ಕೆಜೋಳಗಳ ಕಡೆಗೆ.

ಪ್ರಾದೇಶಿಕ ಮಾದರಿಗೂ ಬೆಟ್ಟಕ್ಕೂ ನಂಟು ಮೊದಲಿನಿಂದಲೂ ಇದೆ. 1980ರ ದಶಕದಲ್ಲಿ ಅಮೆರಿಕದ ನೆವಾಡಾ ರಾಜ್ಯದ ಯುಕ್ಕಾ ಬೆಟ್ಟದಡಿಯಲ್ಲಿ ಅಣುತ್ಯಾಜ್ಯ ಹೂಳುವ ಯೋಜನೆ ಸಿದ್ಧವಾಗುತ್ತಿತ್ತು. ಅಷ್ಟು ದೀರ್ಘಕಾಲ ಅಪಾಯಕಾರಿಯಾಗಿ ಉಳಿಯುವ ವಸ್ತುವನ್ನು ಹೂಳುವ ಮುನ್ನ ಆ ಗುಡ್ಡಸಾಲಿನಲ್ಲಿ ಮುಂದೆ ಎಷ್ಟು ಮಳೆಯಾದೀತೆಂದು ತಿಳಿಯಬೇಕಾಗಿತ್ತು. ಜಾಗತಿಕ ಮಾದರಿಗಳಲ್ಲಿ ಆ ಬೆಟ್ಟವೇ ಇರಲಿಲ್ಲ. ಕೊಲರಾಡೊದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಡಿಕಿನ್ಸನ್, ಫಿಲಿಪ್ಪೊ ಜಾರ್ಜಿ ಮತ್ತು ಸಂಗಡಿಗರು ಹವಾ ಮುನ್ಸೂಚನೆಗೆ ಬಳಸುತ್ತಿದ್ದ ಸೀಮಿತ ಪ್ರದೇಶದ ಮಾದರಿಯೊಂದನ್ನು ಹವಾಮಾನದ ದೀರ್ಘ ಲೆಕ್ಕಕ್ಕೆ ಒಗ್ಗಿಸಿ, 1989ರಲ್ಲಿ ಅಮೆರಿಕದ ಪಶ್ಚಿಮದ ಪರ್ವತಸೀಮೆಯ ಮೇಲೆ ಅದರ ಫಲಿತಾಂಶ ಪ್ರಕಟಿಸಿದರು. ಆ ಪ್ರಯತ್ನವೇ ಮುಂದೆ ರೆಗ್‌ಸಿಎಂ ಎಂಬ ಹೆಸರಿನ ಮಾದರಿಯಾಗಿ ಬೆಳೆಯಿತು. ಅಬ್ದುಸ್ ಸಲಾಂ 1964ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಅದಕ್ಕೆ ನಂತರದ ಮನೆಯಾಯಿತು. ದುಬಾರಿ ಸೂಪರ್‌ಕಂಪ್ಯೂಟರ್ ಇಲ್ಲದ ದೇಶಗಳ ಸಂಶೋಧಕರೂ ಬಳಸಲೆಂದು ಅಲ್ಲಿಂದ ಅದನ್ನು ಹಂಚಲಾಗುತ್ತದೆ.

ಮಾದರಿ ನಡೆಯುವ ಬಗೆ ಹೀಗೆ. ಮೊದಲು ಜಾಗತಿಕ ಮಾದರಿಯೊಂದು ಇಡೀ ಭೂಮಿಯ ಹವಾಮಾನವನ್ನು ನೂರಾರು ವರ್ಷ ಓಡಿಸುತ್ತದೆ. ಆರಿಸಿಕೊಂಡ ಪ್ರದೇಶದ ನಾಲ್ಕೂ ಗಡಿಗಳಲ್ಲಿ ಗಾಳಿ, ತೇವಾಂಶ, ಒತ್ತಡ, ಉಷ್ಣಾಂಶ ಎಷ್ಟಿತ್ತೆಂದು ಸಾಮಾನ್ಯವಾಗಿ ಆರು ಗಂಟೆಗೊಮ್ಮೆ ದಾಖಲಿಸಿ ಪ್ರಾದೇಶಿಕ ಮಾದರಿಯ ಕೈಗಿಡಲಾಗುತ್ತದೆ. ಸಮುದ್ರದ ಮೇಲ್ಮೈಯ ಬಿಸಿಯೂ ಹೊರಗಿನಿಂದಲೇ ಬರುತ್ತದೆ. ಗಡಿಯೊಳಗೆ ಏನಾಗಬೇಕೆಂಬುದನ್ನು ಪ್ರಾದೇಶಿಕ ಮಾದರಿ ತನ್ನದೇ ಬೆಟ್ಟ, ಕಣಿವೆ, ಕಾಡು, ಕೆರೆಗಳ ನಕ್ಷೆ ಇಟ್ಟುಕೊಂಡು ನಿರ್ಧರಿಸುತ್ತದೆ. ಗದ್ದೆಗೆ ನೀರು ಹೇಗೆ ಹರಡಬೇಕೆಂಬುದನ್ನು ಬದುಗಳು ತೀರ್ಮಾನಿಸಿದರೂ ತೂಬಿನಿಂದ ಬಂದಷ್ಟೇ ನೀರು ಗದ್ದೆಗೆ ಸಿಗುವಂತೆ, ಗಡಿಯಿಂದ ಒಳಬಂದದ್ದನ್ನು ಮೀರಿ ಪ್ರಾದೇಶಿಕ ಮಾದರಿ ಏನನ್ನೂ ಸೃಷ್ಟಿಸಲಾರದು. ಜಾಗತಿಕ ಮಾದರಿಯಲ್ಲಿ ಅರಬ್ಬಿ ಸಮುದ್ರದ ಮುಂಗಾರು ಗಾಳಿ ದುರ್ಬಲವಾಗಿದ್ದರೆ, ಘಟ್ಟವನ್ನು ಎಷ್ಟೇ ಚೆನ್ನಾಗಿ ಚಿತ್ರಿಸಿದ ಪ್ರಾದೇಶಿಕ ಮಾದರಿಯಲ್ಲೂ ಮಲೆನಾಡು ಒಣಗಿಯೇ ಇರುತ್ತದೆ.

ಬೆಟ್ಟ ಹವೆಯನ್ನು ಬದಲಿಸುವುದು ಮುಖ್ಯವಾಗಿ ಎರಡು ದಾರಿಗಳಲ್ಲಿ. ಎತ್ತರ ಹೆಚ್ಚಿದಂತೆ ಗಾಳಿ ತಂಪಾಗುತ್ತದೆ, ಸರಾಸರಿ ಲೆಕ್ಕದಲ್ಲಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು. ಎರಡನೆಯದು, ತೇವಭರಿತ ಗಾಳಿ ಇಳಿಜಾರನ್ನು ಹತ್ತುವಾಗ ತಣಿದು ಮಳೆ ಸುರಿಸಿ, ಆಚೆ ಬದಿಗೆ ಒಣಗಿ ಇಳಿಯುತ್ತದೆ. ಪಶ್ಚಿಮ ಘಟ್ಟದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ನೆತ್ತಿಯ ಮೇಲಲ್ಲ, ಗಾಳಿಗೆ ಎದುರಾದ ಇಳಿಜಾರಿನ ಮೇಲೆ. ಅಲ್ಲಿನ ಮಳೆಯ ದೊಡ್ಡ ಪಾಲು ಗುಡುಗು ಮಿಂಚಿನ ಎತ್ತರದ ಮೋಡಗಳಿಂದ ಬರುವುದೂ ಅಲ್ಲ. ದಿನಗಟ್ಟಲೆ ಬಿಡದೆ ಸುರಿಸುವ ತುಸು ಗಿಡ್ಡ ಮೋಡಗಳಿಂದ ಬರುತ್ತದೆ. ಮಾದರಿಗಳಿಗೆ ಇದು ಕಷ್ಟದ ಪಾಠ. ಐವತ್ತು ಕಿ.ಮೀ. ಚೌಕಕ್ಕೆ ಒಂದು ಮೋಡವೂ ಕಾಣದು, ಏಕೆಂದರೆ ಮೋಡ ಚೌಕಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಮಳೆಯನ್ನು ನೇರವಾಗಿ ಲೆಕ್ಕಹಾಕದೆ, ಇಂಥ ಬಿಸಿ, ಇಂಥ ತೇವ ಇದ್ದರೆ ಇಷ್ಟು ಮಳೆ ಎಂಬ ಸೂತ್ರಗಳ ಮೂಲಕ ಊಹಿಸಬೇಕಾಗುತ್ತದೆ. ಸೂತ್ರ ಬದಲಿಸಿದರೆ ಅದೇ ಮಾದರಿಯಲ್ಲಿ ಘಟ್ಟದ ಮಳೆಯೂ ಬದಲಾಗುತ್ತದೆ.

ಎತ್ತರದ ಗತಿಯೂ ಹೀಗೆಯೇ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1900 ಮೀಟರ್ ದಾಟುತ್ತದೆ. ಐವತ್ತು ಕಿ.ಮೀ. ಚೌಕದಲ್ಲಿ ಆ ಶಿಖರವೂ ಅದರ ಬುಡದ ಬಯಲೂ ಕಲಸಿಹೋಗಿ ಸರಾಸರಿ ಎತ್ತರವೊಂದು ಉಳಿಯುತ್ತದೆ. ಚೌಕವನ್ನು ಅರ್ಧಕ್ಕೆ ಇಳಿಸಿದರೆ ಗುಡ್ಡ ತುಸು ಮೇಲೇಳುತ್ತದೆ. ಬೆಲೆ ಮಾತ್ರ ಅರ್ಧದ ಲೆಕ್ಕದಲ್ಲಿಲ್ಲ. ಉದ್ದಕ್ಕೂ ಅಗಲಕ್ಕೂ ಚೌಕಗಳು ಇಮ್ಮಡಿಯಾಗುತ್ತವೆ. ಲೆಕ್ಕ ಕೆಡದಿರಬೇಕಾದರೆ ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕು. ಒಟ್ಟಿನಲ್ಲಿ ಗಣಕದ ಕೆಲಸ ಎಂಟು ಪಟ್ಟು. ಐವತ್ತರಿಂದ ಮೂರು ಕಿ.ಮೀ.ಗೆ ಇಳಿದರೆ ಅದು ನಾಲ್ಕು ಸಾವಿರ ಪಟ್ಟನ್ನೂ ಮೀರುತ್ತದೆ. ಇಷ್ಟು ವರ್ಷ ಐವತ್ತು ಕಿ.ಮೀ. ಸುತ್ತಮುತ್ತಲೇ ಕೆಲಸ ನಡೆದದ್ದಕ್ಕೆ ಇದೇ ಕಾರಣ.

ಭಾರತದಲ್ಲಿ ಈ ಕೆಲಸಕ್ಕೆ ಮೊದಲು ವ್ಯಾಪಕವಾಗಿ ಬಳಕೆಯಾದದ್ದು ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಪ್ರೆಸಿಸ್ ಮಾದರಿ. ಅದು ಸಾಮಾನ್ಯ ಕಂಪ್ಯೂಟರಿನ ಮೇಲೂ ಓಡುವಂತೆ ಸಿದ್ಧಪಡಿಸಿದ್ದು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ಅದನ್ನು ಐವತ್ತು ಕಿ.ಮೀ. ಚೌಕಗಳಲ್ಲಿ ಓಡಿಸಿ 2006ರಲ್ಲಿ ದೇಶದ ಮುಂದಿನ ಹವಾಮಾನದ ಚಿತ್ರ ಪ್ರಕಟಿಸಿತು. 2009ರಲ್ಲಿ ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮದಡಿ ಕಾರ್ಡೆಕ್ಸ್ ಎಂಬ ಒಕ್ಕೂಟ ಆರಂಭವಾಗಿ, ಜಗತ್ತಿನ ಪ್ರತಿ ಪ್ರದೇಶಕ್ಕೂ ಹಲವು ಸಂಸ್ಥೆಗಳು ಒಂದೇ ಗಡಿ, ಒಂದೇ ನಿಯಮದಲ್ಲಿ ತಂತಮ್ಮ ಮಾದರಿಗಳನ್ನು ಓಡಿಸುವ ಪದ್ಧತಿ ಬಂತು. ದಕ್ಷಿಣ ಏಷ್ಯಾದ ಹೊಣೆ ಪುಣೆಯ ಸಂಸ್ಥೆಯದೇ. ಇಲ್ಲಿ ಮೊದಲು ಸುಮಾರು ಐವತ್ತು, ಆಮೇಲೆ ಇಪ್ಪತ್ತೈದು ಕಿ.ಮೀ. ಚೌಕಗಳು ಬಂದವು. ಅದೇ ಒಕ್ಕೂಟದ ಯುರೋಪು ವಿಭಾಗ ಹನ್ನೆರಡೂವರೆ ಕಿ.ಮೀ.ಗೆ ಬೇಗನೆ ಇಳಿದದ್ದಕ್ಕೆ ಗಣಕಬಲವೂ ಕಾರಣ, ಆಲ್ಪ್ಸ್ ತುಂಬ ದಟ್ಟವಾಗಿ ಹರಡಿಕೊಂಡಿರುವ ಹವಾಕೇಂದ್ರಗಳೂ ಕಾರಣ.

ಉಷ್ಣಾಂಶದ ಅಂಕಿಯನ್ನು ತೋಟಕ್ಕೆ ಇಳಿಸುವುದು ತುಲನಾತ್ಮಕವಾಗಿ ಸುಲಭ. ಒಂದು ಚೌಕದ ಸರಾಸರಿ ಎತ್ತರ 800 ಮೀಟರ್, ಅದರೊಳಗಿನ ತೋಟದ ಎತ್ತರ 1150 ಮೀಟರ್ ಎಂದುಕೊಳ್ಳೋಣ. 350 ಮೀಟರಿನ ವ್ಯತ್ಯಾಸಕ್ಕೆ ಸುಮಾರು 2.3 ಡಿಗ್ರಿ ಕಳೆದರೆ ತೋಟದ ಉಷ್ಣಾಂಶಕ್ಕೆ ಹತ್ತಿರವಾಗಬಹುದು. ಈ ಕಳೆಯುವ ಲೆಕ್ಕವೂ ಕಣ್ಣುಮುಚ್ಚಿ ಮಾಡುವಂಥದ್ದಲ್ಲ. ಮಳೆಗಾಲದ ತೇವದ ಗಾಳಿಯಲ್ಲಿ ಎತ್ತರಕ್ಕೆ ತಕ್ಕ ಇಳಿಕೆ ಕಡಿಮೆ. ಡಿಸೆಂಬರ್, ಜನವರಿಯ ಶುಭ್ರ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿದು ನಿಲ್ಲುವುದರಿಂದ ಗುಡ್ಡದ ಮಗ್ಗುಲಿಗಿಂತ ಕೆಳಗಿನ ಗದ್ದೆಬಯಲೇ ಹೆಚ್ಚು ಚಳಿಯಾಗಿರುತ್ತದೆ.

ಈ ಎಚ್ಚರಗಳೊಂದಿಗೆ ಅರೇಬಿಕಾದ ಲೆಕ್ಕ ನೋಡಬಹುದು. ಕಾಫಿ ಮಂಡಳಿಯ ಮಾಹಿತಿಯಂತೆ ಅರೇಬಿಕಾಕ್ಕೆ ಹೇಳಿಮಾಡಿಸಿದ ಎತ್ತರ 1000ದಿಂದ 1500 ಮೀಟರ್, ಉಷ್ಣಾಂಶ 15ರಿಂದ 25 ಡಿಗ್ರಿ; ರೋಬಸ್ಟಾಕ್ಕೆ 500ರಿಂದ 1000 ಮೀಟರ್, 20ರಿಂದ 30 ಡಿಗ್ರಿ. ಸರಾಸರಿ ಉಷ್ಣಾಂಶ ಒಂದೂವರೆ ಡಿಗ್ರಿ ಏರಿದರೆ ಈಗಿನ ತಂಪು ಸಿಗಲು ಸುಮಾರು 230 ಮೀಟರ್ ಮೇಲಕ್ಕೆ ಹೋಗಬೇಕು. ಕಾಗದದ ಮೇಲೆ ಅರೇಬಿಕಾ ಪಟ್ಟಿ ಹಾಗೆಯೇ ಮೇಲೆ ಸರಿಯುತ್ತದೆ. ನೆಲದ ಮೇಲೆ ಹಾಗಾಗದು. ಬೆಟ್ಟ ಮೇಲೆ ಹೋದಂತೆ ಕಿರಿದಾಗುತ್ತದೆ. ಬಾಬಾಬುಡನ್‌ಗಿರಿ, ಕುದುರೆಮುಖ, ಬ್ರಹ್ಮಗಿರಿ ಸಾಲುಗಳ ಮೇಲ್ಭಾಗ ಶೋಲಾ ಕಾಡು, ಹುಲ್ಲುಗಾವಲು, ಮೀಸಲು ಅರಣ್ಯ. ಅಲ್ಲಿಗೆ ತೋಟ ಏರುವಂತಿಲ್ಲ, ಏರಲೂಬಾರದು. ಕೆಳಗಿನ ಅಂಚಿನಲ್ಲಿ ಮಾತ್ರ ಅರೇಬಿಕಾ ಜಾಗವನ್ನು ರೋಬಸ್ಟಾ ಹಿಡಿಯಬಹುದು. ಬಿಸಿಲಿನ ಕಾವು ಹೆಚ್ಚಿದ ತೋಟದಲ್ಲಿ ಅರೇಬಿಕಾದ ಹಳೆಯ ವೈರಿ ಬಿಳಿ ಕಾಂಡಕೊರಕ ಇನ್ನಷ್ಟು ಚುರುಕಾಗುತ್ತದೆ ಎಂಬುದನ್ನೂ ಸೇರಿಸಿದರೆ, ಈ ಸರಿತಕ್ಕೆ ಮಾದರಿಯ ಅಪ್ಪಣೆಯೇನೂ ಬೇಕಿಲ್ಲ.

ಮಾದರಿಗೆ ಕಾಣದ ಇನ್ನೊಂದು ಸಂಗತಿ ನೆರಳು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಯುವುದು ಮರಗಳ ಕೆಳಗೆ. ಮರದ ನೆರಳು ಮಧ್ಯಾಹ್ನದ ಕಾವನ್ನು ಕೆಲವು ಡಿಗ್ರಿಗಳಷ್ಟು ಇಳಿಸುತ್ತದೆ, ರಾತ್ರಿಯ ಚಳಿಯನ್ನೂ ತಡೆಯುತ್ತದೆ. ಇಪ್ಪತ್ತೈದು ಕಿ.ಮೀ. ಚೌಕದ ಉಷ್ಣಾಂಶ ಎಂದರೆ ಬಯಲಲ್ಲಿ ಎರಡು ಮೀಟರ್ ಎತ್ತರದಲ್ಲಿ ಅಳೆದಂಥ ಉಷ್ಣಾಂಶ. ಗಿಡಕ್ಕೆ ತಾಗುವುದು ಅದಲ್ಲ. ಮಿಶ್ರಜಾತಿಯ ಕಾಡುಮರಗಳನ್ನು ತೆಗೆದು ಸಿಲ್ವರ್ ಓಕ್ ಮಾತ್ರ ಉಳಿಸಿಕೊಂಡ ತೋಟಕ್ಕೂ ಹಳೆಯ ದಟ್ಟ ನೆರಳಿನ ತೋಟಕ್ಕೂ ಇರುವ ಅಂತರ, ಮುಂದಿನ ಮೂವತ್ತು ವರ್ಷಗಳ ತಾಪಮಾನ ಏರಿಕೆಯಷ್ಟೇ ದೊಡ್ಡದಾಗಿರಬಹುದು.

ಮಳೆಯ ಕತೆ ಬೇರೆ. ಕಾಫಿ ಗಿಡಕ್ಕೆ ವರ್ಷದ ಒಟ್ಟು ಮಳೆಗಿಂತ ಮುಖ್ಯವಾದದ್ದು ಬೇಸಗೆಯ ಒಂದೆರಡು ಮಳೆ. ಚಳಿಗಾಲದ ಒಣಹವೆಯಲ್ಲಿ ಮೊಗ್ಗುಗಳು ಬೆಳವಣಿಗೆ ನಿಲ್ಲಿಸಿ ಕಾಯುತ್ತವೆ. ರೋಬಸ್ಟಾಕ್ಕೆ ಫೆಬ್ರವರಿ, ಮಾರ್ಚಿನಲ್ಲಿ, ಅರೇಬಿಕಾಕ್ಕೆ ಮಾರ್ಚ್, ಏಪ್ರಿಲಿನಲ್ಲಿ 20ರಿಂದ 40 ಮಿ.ಮೀ.ನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಲೇ ಅರಳುತ್ತದೆ. ಅದಾದ ಕೆಲ ವಾರಗಳಲ್ಲಿ ಕಾಯಿ ಕಚ್ಚಲು 50ರಿಂದ 75 ಮಿ.ಮೀ.ನಷ್ಟು ಬ್ಯಾಕಿಂಗ್ ಮಳೆ ಬೇಕು. ಹೂಮಳೆ ಕಡಿಮೆಯಾದರೆ ಮೊಗ್ಗು ಅರೆಬರೆ ಉಬ್ಬಿ ಕೆಡುತ್ತದೆ. ಹೂವು ಬಿರಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ಬೇರೆ ಗಿಡದ ಪರಾಗವನ್ನು ಅವಲಂಬಿಸಿದ ರೋಬಸ್ಟಾಕ್ಕೆ ಈ ಪೆಟ್ಟು ಜೋರು. ಕುಯ್ಲಿನ ಹೊತ್ತಿನಲ್ಲಿ ಅಕಾಲ ಮಳೆ ಬಂದರೆ ಹಣ್ಣು ಉದುರಿ, ಕಣದಲ್ಲಿ ಹರವಿದ ಬೀಜ ಬೂಷ್ಟು ಹಿಡಿಯುತ್ತದೆ. ಒಂದು ವರ್ಷದ ಫಸಲು ಹೀಗೆ ಬೆರಳೆಣಿಕೆಯ ದಿನಗಳ ಕೈಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಟ್ಟು ಮಳೆ ಶೇ. 5 ಹೆಚ್ಚಾದೀತೋ ಕಡಿಮೆಯಾದೀತೋ ಎಂಬ ಮಾದರಿಯ ಮಾತು ಬೆಳೆಗಾರರ ಕಿವಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ.

ಬೇಸಗೆಯ ಮಳೆಯಲ್ಲಿಯೇ ಮಾದರಿಗಳು ಸೋಲುವುದು ಹೆಚ್ಚು. ಅದು ಮಧ್ಯಾಹ್ನದ ಕಾವಿಗೆ ಎದ್ದ ಮೋಡ ಸಂಜೆ ಒಂದು ಹೋಬಳಿಯ ಮೇಲೆ ಸುರಿದು ಪಕ್ಕದ ಹೋಬಳಿಯನ್ನು ಬಿಟ್ಟುಹೋಗುವ ಮಳೆ. ದೊಡ್ಡ ಚೌಕದ ಮಾದರಿಗಳಿಗೆ ಇನ್ನೊಂದು ಹಳೆಯ ಚಾಳಿಯೂ ಇದೆ: ಒಂದು ದಿನ ರಪ್ಪನೆ ಬೀಳಬೇಕಾದ ಮಳೆಯನ್ನು ಹಲವು ದಿನಗಳ ತುಂತುರಾಗಿ ಹಂಚಿಬಿಡುತ್ತವೆ. ತಿಂಗಳ ಮೊತ್ತ ಸರಿಯಿರುತ್ತದೆ, ಹೂಮಳೆಯ ಮಿತಿ ದಾಟುವ ದಿನ ಮಾತ್ರ ಒಂದೂ ಸಿಗುವುದಿಲ್ಲ. ಅಡಿಕೆಯ ಕೊಳೆರೋಗದ ಲೆಕ್ಕದಲ್ಲಿ ಇದೇ ದೋಷ ತಿರುವುಮುರುವಾಗುತ್ತದೆ. ಎಡೆಬಿಡದ ತೇವ ಆ ರೋಗಾಣುವಿಗೆ ಹಬ್ಬ. ತುಂತುರು ಸುರಿಸುವ ಮಾದರಿಯನ್ನು ನಂಬಿದರೆ ಪ್ರತಿ ವರ್ಷವೂ ಕೊಳೆಯ ವರ್ಷವೇ.

ಇಂಥ ತಪ್ಪುಗಳನ್ನು ಬೆಳೆಯ ಲೆಕ್ಕಕ್ಕೆ ಕೊಡುವ ಮುನ್ನ ತಿದ್ದಲಾಗುತ್ತದೆ. ಸರಳ ವಿಧಾನವೆಂದರೆ ಮಾದರಿಯ ಭೂತಕಾಲಕ್ಕೂ ಭವಿಷ್ಯಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು ಅಳತೆಯ ದಾಖಲೆಗೆ ಕೂಡಿಸುವುದು. ಇನ್ನೊಂದು ವಿಧಾನದಲ್ಲಿ ಮಾದರಿಯ ದಿನಮಳೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮಳೆಮಾಪಕದ ದಿನಮಳೆಗಳನ್ನೂ ಹಾಗೆಯೇ ಜೋಡಿಸಿ, ಸ್ಥಾನಕ್ಕೆ ಸ್ಥಾನ ಹೊಂದಿಸಲಾಗುತ್ತದೆ. ತುಂತುರಿನ ದೋಷ ಇದರಿಂದ ಬಹಳಷ್ಟು ತಗ್ಗುತ್ತದೆ. ಆದರೂ ಎರಡು ಅಪಾಯಗಳು ಉಳಿಯುತ್ತವೆ. ಇವತ್ತಿನ ತಪ್ಪೇ ಐವತ್ತು ವರ್ಷಗಳ ನಂತರವೂ ಇದ್ದೀತೆಂಬ ನಂಬಿಕೆ ತಿದ್ದುಪಡಿಯ ಬುಡದಲ್ಲಿದೆ. ಮಳೆಯನ್ನೂ ಉಷ್ಣಾಂಶವನ್ನೂ ಬೇರೆಬೇರೆಯಾಗಿ ತಿದ್ದಿದರೆ ಇವೆರಡರ ಸಂಬಂಧ ಹರಿದುಹೋಗಿ, ಜಡಿಮಳೆಯ ದಿನವೇ ಕಡುಬಿಸಿಲೂ ಇರುವಂಥ ವಿಚಿತ್ರ ದಿನಗಳು ಹುಟ್ಟಬಹುದು.

ತಿದ್ದುವುದಕ್ಕೆ ಬೇಕಾದದ್ದು ನಂಬಬಹುದಾದ ಅಳತೆ. ಭಾರತ ಹವಾಮಾನ ಇಲಾಖೆ ಸುಮಾರು 7000 ಮಳೆಮಾಪಕಗಳ ದಾಖಲೆ ಬಳಸಿ 1901ರಿಂದೀಚೆಗಿನ ದಿನಮಳೆಯನ್ನು ಕಾಲು ಡಿಗ್ರಿ, ಅಂದರೆ ಇಪ್ಪತ್ತೈದು ಕಿ.ಮೀ.ಗಿಂತ ತುಸು ದೊಡ್ಡ ಚೌಕಗಳಲ್ಲಿ ಹಂಚಿ ಕೊಟ್ಟಿದೆ. ದೇಶಮಟ್ಟದ ಅಧ್ಯಯನಕ್ಕೆ ಅದು ಅಮೂಲ್ಯ. ಗುಡ್ಡದಲ್ಲಿ ಅದಕ್ಕೊಂದು ವಾಲಿಕೆಯಿದೆ: ಮಾಪಕಗಳು ಇರುವುದು ತಾಲ್ಲೂಕು ಕೇಂದ್ರ, ರಸ್ತೆಬದಿ, ಕಣಿವೆಯ ಊರುಗಳಲ್ಲಿ, ನೆತ್ತಿಯ ಮೇಲೆ ವಿರಳ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಾಪಕಗಳನ್ನು ಕೂರಿಸಿರುವುದರಿಂದ ಈಗ ಬಲೆ ಬಹಳ ಒತ್ತಾಗಿದೆ, ಆದರೆ ಹವಾಮಾನದ ಲೆಕ್ಕಕ್ಕೆ ಬೇಕಾದ ಮೂವತ್ತು ವರ್ಷಗಳ ವಯಸ್ಸು ಅದಕ್ಕಿನ್ನೂ ಆಗಿಲ್ಲ. ಆ ವಯಸ್ಸಾಗಿರುವುದು ಕಾಫಿ ತೋಟಗಳ ಮಳೆಪುಸ್ತಕಗಳಿಗೆ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟುಗಳಲ್ಲಿ ದಿನಾ ಬೆಳಗ್ಗೆ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದಿದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಸಂಶೋಧಕರ ಮಟ್ಟಿಗೆ ಗುಡ್ಡದ ಮಗ್ಗುಲಿನ ಇಷ್ಟು ದೀರ್ಘ ದಾಖಲೆ ಸುಲಭಕ್ಕೆ ಸಿಗದ ಸಂಪತ್ತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ದಾಖಲೆಯೂ ಇದೇ ಸಾಲಿನದು.

ತಿದ್ದಿದ ಹವೆಯನ್ನು ಬೆಳೆ ಮಾದರಿಗೆ ಊಡಿಸುವುದು ಮುಂದಿನ ಹಂತ. ಬೆಳೆ ಮಾದರಿ ಎಂದರೆ ಮಣ್ಣು, ತಳಿ, ಬಿತ್ತನೆ ದಿನ, ಗೊಬ್ಬರ, ದಿನದಿನದ ಬಿಸಿಲು ಮಳೆಗಳನ್ನು ಕೊಟ್ಟರೆ ಗಿಡದ ಎಲೆ, ಬೇರು, ಕಾಳು ಹೇಗೆ ಬೆಳೆದಾವೆಂದು ದಿನದ ಲೆಕ್ಕದಲ್ಲಿ ಹೇಳುವ ಸಾಧನ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಇನ್ಫೋಕ್ರಾಪ್ ಅಂಥದೊಂದು. ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ 2010ರ ನವೆಂಬರಿನಲ್ಲಿ ಹೊರತಂದ ವರದಿಯೊಂದು ಪ್ರೆಸಿಸ್‌ನ ಹವೆಯನ್ನು ಇನ್ಫೋಕ್ರಾಪ್‌ಗೆ ಕೊಟ್ಟು, ಹಿಮಾಲಯ, ಪಶ್ಚಿಮ ಘಟ್ಟ, ಕರಾವಳಿ, ಈಶಾನ್ಯ ಭಾರತಗಳಲ್ಲಿ 2030ರ ದಶಕದ ಬೆಳೆಗಳ ಸ್ಥಿತಿ ಅಂದಾಜಿಸಿತು. ಘಟ್ಟದ ವಲಯದಲ್ಲಿ ಮೆಕ್ಕೆಜೋಳ, ಜೋಳಗಳಿಗೆ ನಷ್ಟ ಕಂಡಿತು. ತೆಂಗಿಗೆ ಬಹುಕಡೆ ಶೇ. 30ರವರೆಗೂ ಲಾಭ ಕಂಡರೂ, ಕೆಲವು ಜಾಗಗಳಲ್ಲಿ ಇಳಿಕೆಯೂ ಕಂಡಿತು. ಒಂದೇ ಘಟ್ಟದೊಳಗೆ ಲಾಭ ನಷ್ಟ ಎರಡೂ ಇರುವುದು ಆ ವರದಿಯ ನಿಜವಾದ ಸುದ್ದಿ. ಪತ್ರಿಕೆಗಳಿಗೆ ಬೇಕಾಗುವುದು ಮಾತ್ರ ಒಂದೇ ಅಂಕಿ.

ಲಾಭದ ಒಂದು ಭಾಗ ಬರುವುದು ಗಾಳಿಯಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡಿನಿಂದ. ಭತ್ತ, ತೆಂಗು, ಕಾಫಿಯಂಥ ಗಿಡಗಳು ಅದನ್ನು ಆಹಾರವಾಗಿ ಹೆಚ್ಚು ಬಳಸಿಕೊಳ್ಳಬಲ್ಲವು, ಜೋಳ, ಮೆಕ್ಕೆಜೋಳ, ಕಬ್ಬು ಅಷ್ಟಾಗಿ ಬಳಸಲಾರವು. ಪ್ರಯೋಗದ ಹೊಲದಲ್ಲಿ ಕಂಡ ಈ ಲಾಭ ಬಡಮಣ್ಣಿನ ಇಳಿಜಾರಿನಲ್ಲಿ ಅಷ್ಟೇ ಸಿಕ್ಕೀತೇ ಎಂಬುದು ಬೇರೆ ಮಾತು. ಬಹುವಾರ್ಷಿಕ ಬೆಳೆಗಳಿಗೆ ಇನ್ಫೋಕ್ರಾಪ್‌ನಂಥ ಮಾದರಿಗಳು ಕಡಿಮೆ ಇರುವುದರಿಂದ, ಕಾಫಿಯ ವಿಷಯದಲ್ಲಿ ಹೆಚ್ಚಾಗಿ ಯೋಗ್ಯತಾ ನಕ್ಷೆಗಳನ್ನು ಬಳಸುತ್ತಾರೆ. ಈಗ ಕಾಫಿ ಬೆಳೆಯುವ ಜಾಗಗಳ ಹವೆ ಎಂಥದ್ದು, ಅಂಥ ಹವೆ ಮುಂದೆ ಎಲ್ಲಿ ಉಳಿಯುತ್ತದೆ ಎಂಬ ಹುಡುಕಾಟ ಅದು. ಜಗತ್ತಿನ ಕಾಫಿ ಯೋಗ್ಯ ಭೂಮಿ 2050ರ ವೇಳೆಗೆ ಅರ್ಧಕ್ಕಿಳಿಯಬಹುದೆಂದು 2015ರಲ್ಲಿ ಸುದ್ದಿಯಾದದ್ದು ಇಂಥ ನಕ್ಷೆಯಿಂದಲೇ. ಒಂದು ಕಿ.ಮೀ. ನುಣುಪಿನ ಆ ನಕ್ಷೆಗಳು ಕಣ್ಣಿಗೆ ಬಲು ಖಚಿತ. ಅವುಗಳ ಹಿಂದಿರುವುದು ದೂರದೂರದ ಕೆಲವೇ ಕೇಂದ್ರಗಳ ಅಳತೆಯನ್ನು ಎತ್ತರದ ಸೂತ್ರ ಹಿಡಿದು ಹರಡಿದ ಲೆಕ್ಕ. ನುಣುಪು ನಕ್ಷೆಯದು, ತಿಳಿವಳಿಕೆಯದಲ್ಲ. ರೋಗಗಳಂತೂ ಈ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಸಿಂಹಳದ ಕಾಫಿಯನ್ನು ಅಳಿಸಿ ಚಹಾಕ್ಕೆ ಜಾಗ ಮಾಡಿಕೊಟ್ಟಾಗ ಅಲ್ಲಿನ ಹವೆ ಕಾಫಿಗೆ ಯೋಗ್ಯವಾಗಿಯೇ ಇತ್ತು.

ಹಿಮಾಲಯದಲ್ಲಿ ತೊಡಕಿನ ರೂಪ ಬೇರೆ. ಹಿಮಾಚಲದ ಸೇಬಿಗೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ಸಾವಿರದಷ್ಟು ಗಂಟೆಗಳ ಚಳಿ ಬೇಕು. ಸಿಗದಿದ್ದರೆ ವಸಂತದಲ್ಲಿ ಹೂವು ಸರಿಯಾಗಿ ಅರಳದು. ಕುಲ್ಲು, ಶಿಮ್ಲಾದ ಕೆಳಗಿನ ತೋಟಗಳು ಸೊರಗಿ, ಸೇಬು ಕಿನ್ನೌರ್, ಲಾಹುಲ್-ಸ್ಪಿತಿಗಳ ಎತ್ತರಕ್ಕೆ ಏರುತ್ತಿದೆ. ಘಟ್ಟದಲ್ಲಿಲ್ಲದ ಜಾಗ ಅಲ್ಲಿ ಮೇಲೆ ಇದೆ. ಹಿಂದೂಕುಶ್ ಹಿಮಾಲಯ ವಲಯ 1951ರಿಂದ 2014ರ ನಡುವೆ ಸುಮಾರು 1.3 ಡಿಗ್ರಿ ಬಿಸಿಯಾಗಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಹಿಮ ಕರಗಿ ಕಪ್ಪು ನೆಲ ಬಯಲಾದಂತೆ ಬಿಸಿಲು ಹೀರುವುದು ಹೆಚ್ಚಿ ಎತ್ತರದಲ್ಲಿ ಕಾವು ಇನ್ನೂ ಬೇಗ ಏರುತ್ತದೆ. ಆದರೆ ಪ್ರಾದೇಶಿಕ ಮಾದರಿಗಳಲ್ಲಿ ಹಿಮಾಲಯ ವಾಸ್ತವಕ್ಕಿಂತ ಹಲವು ಡಿಗ್ರಿ ತಂಪಾಗಿರುವುದು ಸಾಮಾನ್ಯ ದೋಷ. ಏಳು ಡಿಗ್ರಿಯ ಗೆರೆಯ ಮೇಲೆ ನಿಂತ ಬೆಳೆಗೆ, ತಿದ್ದದ ಅಂಥ ಅಂಕಿ ಕೊಟ್ಟರೆ ಚಳಿಗೆ ಎಂದೂ ಬರವಿಲ್ಲವೆಂಬ ಉತ್ತರ ಬರುತ್ತದೆ.

ಒಂದೇ ಮಾದರಿಯನ್ನು ನಂಬುವ ಬದಲು ಹಲವು ಜಾಗತಿಕ ಮಾದರಿ, ಹಲವು ಪ್ರಾದೇಶಿಕ ಮಾದರಿ, ಹೊಗೆಯುಗುಳುವಿಕೆಯ ಹಲವು ಮುನ್ನೋಟಗಳನ್ನು ಜೋಡಿಸಿ ಉತ್ತರಗಳ ಹರವನ್ನೇ ಕೊಡುವುದು ಈಗಿನ ಪದ್ಧತಿ. ಉಷ್ಣಾಂಶದಲ್ಲಿ ಎಲ್ಲ ಉತ್ತರಗಳೂ ಮೇಲ್ಮುಖ; ಭಿನ್ನಾಭಿಪ್ರಾಯ ಎಷ್ಟು ಎಂಬುದರಲ್ಲಷ್ಟೇ. ಮಳೆಯಲ್ಲಿ ಮುಂಗಾರು ಹೆಚ್ಚೀತೆಂದು ಬಹುಪಾಲು ಮಾದರಿಗಳು ಹೇಳುತ್ತವೆ. ಅಳತೆಯ ದಾಖಲೆಯಲ್ಲಿ ಕಾಣುವುದು ಇದಕ್ಕೆ ಎದುರು: 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ತಗ್ಗಿದೆ, ಅದರಲ್ಲೂ ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟದಲ್ಲಿ ಎಂದು ಅದೇ 2020ರ ವರದಿ ದಾಖಲಿಸಿದೆ. ಹೊಗೆ, ದೂಳಿನ ಕಣಗಳು ಬಿಸಿಲಿಗೆ ಅಡ್ಡಬಂದದ್ದು ಈ ಇಳಿಕೆಗೆ ಒಂದು ಕಾರಣವೆಂದು ತಜ್ಞರ ಅಂದಾಜು. ಕಣಗಳು ಮುಂದೆ ಕಡಿಮೆಯಾದರೆ ಮಳೆ ತಿರುಗೀತು ಎಂಬುದು ತರ್ಕ. ತೋಟ ಯಾವ ಮಳೆಗೆ ಸಿದ್ಧವಾಗಬೇಕೆಂದು ಇದರಿಂದ ತೀರ್ಮಾನವಾಗದು. ಎರಡಕ್ಕೂ ಸಿದ್ಧವಾಗುವುದೇ ಜಾಣತನ. ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಓಡಿಸಲು ಕೆರೆಯಲ್ಲಿ ನೀರಿಟ್ಟುಕೊಳ್ಳುವುದು, ಕಣದಲ್ಲಿ ಮಳೆಗೆ ಮರೆ ಕಟ್ಟಿಕೊಳ್ಳುವುದು, ಮಿಶ್ರ ನೆರಳನ್ನು ಉಳಿಸಿಕೊಳ್ಳುವುದು ಹೀಗೆ ಎರಡೂ ಕಡೆ ಸಲ್ಲುವ ಕ್ರಮಗಳು.

ಮಾದರಿಗಳು ನಾಲ್ಕು ಕಿ.ಮೀ.ಗಿಂತ ಕೆಳಗಿಳಿದಾಗ ಮಳೆಯ ಲೆಕ್ಕದಲ್ಲಿ ಗುಣವೇ ಬದಲಾಗುತ್ತದೆ. ಆಗ ಊಹೆಯ ಸೂತ್ರ ಬಿಟ್ಟು ದೊಡ್ಡ ಮೋಡದ ಏಳುಬೀಳನ್ನು ನೇರವಾಗಿ ಲೆಕ್ಕಹಾಕಬಹುದು. ಸಂಜೆಯ ಗುಡುಗುಮಳೆ ಸಂಜೆಯೇ ಬರುತ್ತದೆ, ತುಂತುರಿನ ಚಾಳಿ ತಗ್ಗುತ್ತದೆ, 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳನ್ನು ತೋಟಸಮೇತ ಜಾರಿಸಿದಂಥ ಮಳೆಯ ತೀವ್ರತೆಯೂ ತುಸು ಹತ್ತಿರಕ್ಕೆ ಬರುತ್ತದೆ. ಆಲ್ಪ್ಸ್ ಸೀಮೆಯಲ್ಲಿ ಇಂಥ ಮಾದರಿಗಳ ಸಾಮೂಹಿಕ ಪ್ರಯೋಗಗಳು ನಡೆದಿವೆ. ಖರ್ಚಿನಿಂದಾಗಿ ಒಂದೊಂದು ಓಟ ಹತ್ತಿಪ್ಪತ್ತು ವರ್ಷಗಳ ಅವಧಿಗಷ್ಟೇ ಸೀಮಿತವಾಗುವುದು ವಾಡಿಕೆ. ಅಷ್ಟು ಕಡಿಮೆ ವರ್ಷಗಳಲ್ಲಿ ಹವಾಮಾನದ ಬದಲಾವಣೆಯನ್ನು ವರ್ಷವರ್ಷದ ಸಹಜ ಏರಿಳಿತದಿಂದ ಬೇರ್ಪಡಿಸುವುದು ಕಷ್ಟ.

ಈ ಅಂಕಿಗಳು ಬೆಳೆಗಾರರ ಜೇಬಿಗೆ ನೇರವಾಗಿ ತಾಗುವುದು ವಿಮೆಯಲ್ಲಿ. ಮಲೆನಾಡಿನ ಅಡಿಕೆ, ಮೆಣಸಿಗೆ ಹವಾಮಾನ ಆಧಾರಿತ ವಿಮೆ ಜಾರಿಯಲ್ಲಿದೆ; ಕಾಫಿಗೆ ಹೂಮಳೆ, ಬ್ಯಾಕಿಂಗ್ ಮಳೆ, ಮುಂಗಾರುಗಳನ್ನು ಆಧರಿಸಿದ ಯೋಜನೆಯೊಂದನ್ನು ಕಾಫಿ ಮಂಡಳಿ ಮತ್ತು ಭಾರತೀಯ ಕೃಷಿ ವಿಮಾ ಕಂಪನಿ ತಂದಿದ್ದವು. ಪರಿಹಾರ ನಿರ್ಧಾರವಾಗುವುದು ಗೊತ್ತುಮಾಡಿದ ಮಳೆಮಾಪಕದ ಅಂಕಿಯಿಂದ, ತೋಟದ ನಷ್ಟದಿಂದಲ್ಲ. ಮಾಪಕ ಗುಡ್ಡದ ಆಚೆಗಿದ್ದರೆ ಕೊಳೆ ಬಂದ ತೋಟಕ್ಕೆ ಹಣವಿಲ್ಲ, ಬಾರದ ತೋಟಕ್ಕೆ ಹಣವುಂಟು ಎಂಬ ಸ್ಥಿತಿಯೂ ಬರುತ್ತದೆ. ಇಷ್ಟು ದಿನ ಸುರಿದರೆ ಪರಿಹಾರ ಎಂಬ ಮಿತಿಯನ್ನು ಗೊತ್ತುಮಾಡುವುದು ಹಿಂದಿನ ವರ್ಷಗಳ ಮಳೆ ದಾಖಲೆಯನ್ನು ನೋಡಿ. ಮುಂದಿನ ಮಳೆ ಆ ದಾಖಲೆಯಂತಿರದಿದ್ದರೆ ಪ್ರೀಮಿಯಂ ಯಾರಿಗೆ ಹೊರೆಯಾಗುತ್ತದೆ ಎಂಬ ಲೆಕ್ಕಕ್ಕೆ, ಪಂಚಾಯಿತಿ ಮಾಪಕದ ಅಂಕಿ, ತೋಟದ ಮಳೆಪುಸ್ತಕ ಮತ್ತು ತಿದ್ದಿದ ಮಾದರಿಯ ಹರವು ಮೂರನ್ನೂ ಒಟ್ಟಿಗಿಟ್ಟು ನೋಡಬೇಕಾಗುತ್ತದೆ.